ಪಂಚೇಂದ್ರಿಯ ಮಕ್ಕಳಿಗೆ ಹೇಗೆ ಹೇಳ್ಕೊಡೋದು?

ಯುಕೆಜಿ ಅಮ್ಮ: ಮಗಳಿಗೆ 5 ವರ್ಷ, ಕಣ್ಣು ಕಿವಿ ಮೂಗು ನಾಲಿಗೆ ಚರ್ಮ ಅಂತ ಗಿಳಿಪಾಠ ಒಪ್ಪಿಸ್ತಾಳೆ, ಆದ್ರೆ ಅವುಗಳಿಂದ ಏನು ಗೊತ್ತಾಗುತ್ತೆ ಅಂದ್ರೆ ಸುಮ್ನಾಗ್ತಾಳೆ. ಮನೇಲೇ ಏನಾದ್ರೂ ಮಾಡಿಸ್ಬೋದಾ?

ಅಂಗನವಾಡಿ ಟೀಚರ್: ಚಾರ್ಟ್ ಬಿಡಿ ಮೇಡಂ. ಮೂಗು ಮುಚ್ಕೊಳಕ್ಕೆ ಹೇಳಿ ಏಲಕ್ಕಿ ಪುಡಿ ಬೆರೆಸಿದ ಬೆಲ್ಲ ಚೂರು ನಾಲಿಗೆ ಮೇಲಿಡಿ, ಬರೀ ಸಿಹಿ ಅಂತಾಳೆ, ಮೂಗು ಬಿಟ್ಟ ತಕ್ಷಣ ಏಲಕ್ಕಿ ಘಮ್ಮಂತ ಗೊತ್ತಾಗುತ್ತೆ, ಯಾಕಂದ್ರೆ ಆ ಘಮ ಬಾಯಿ ಹಿಂದಿನಿಂದ ಮೂಗಿಗೆ ಹೋಗೋದು. ನಮ್ಮ ಮಕ್ಕಳ ಕಣ್ಣು ಅರಳೋದು ನೋಡ್ಬೇಕು ನೀವು!

ಮೊಮ್ಮಗನ ತಾತ: ನಾನು ಬಟ್ಟೆ ಚೀಲಕ್ಕೆ ತೆಂಗಿನ ಚಿಪ್ಪು, ಹತ್ತಿ, ಸ್ಟೀಲ್ ಚಮಚ ಹಾಕಿ ಮುಟ್ಟಿ ಹೇಳು ಅಂತೀನಮ್ಮ. ಚಮಚ ತಣ್ಣಗಿದೆ ಅಂತ ಥಟ್ಟನೆ ಹಿಡೀತಾನೆ. ಹೆಸರಿಗಿಂತ ಹೇಗೆ ಗೊತ್ತಾಯ್ತು ಅಂತ ಕೇಳಿ.

ಯುಕೆಜಿ ಅಮ್ಮ: ಥ್ಯಾಂಕ್ಸ್, ಸಂಜೆನೇ ಬೆಲ್ಲ ತಗೀತೀನಿ.