ವಸೂಲಿ ಯಾತ್ರೆ

ಕ್ರೂಸ್ ಹಡಗಿನ ಕೊನೆಯ ರಾತ್ರಿ ಎಲ್ಲರ ಮುಖದಲ್ಲೂ ಒಂದೇ ಕಳೆ. ಅಷ್ಟು ದಿನ ಕಾರ್ಡು ತೋರಿಸಿದರೆ ಸಾಕಿತ್ತು, ಯಾರೂ ಜೇಬಿಗೆ ಕೈ ಹಾಕಿರುವುದಿಲ್ಲ. ಆಮೇಲೆ ಬಿಲ್ಲು ಬರುತ್ತದೆ.

ನಮ್ಮ ಗುಂಪಿನಲ್ಲಿ ಬಿಲ್ಲು ಓದುವ ಹಕ್ಕು ಆಡಿಟರನದು. ಅವನು ಆಡಿಟರ್ ಅಲ್ಲ, ನ್ಯೂಜೆರ್ಸಿಯಲ್ಲಿ ಸಾಫ್ಟ್‌ವೇರ್ ಕೆಲಸ. ಹಾಸ್ಟೆಲ್ ಮೆಸ್ಸಿನಲ್ಲಿ ಯಾರು ಎಷ್ಟು ಚಪಾತಿ ತಿಂದರು ಅಂತ ಎಣಿಸುತ್ತಿದ್ದ ಕಾಲದಿಂದ ಆ ಹೆಸರು ಅಂಟಿಕೊಂಡಿದೆ. ಪೋರ್ಟೊ ರಿಕೊದ ಸ್ಯಾನ್ ಹುವಾನ್‌ನಲ್ಲಿ ಹಡಗು ಹತ್ತಿ ಕೆರಿಬಿಯನ್ ದ್ವೀಪಗಳಾದ ಬಾರ್ಬಡೋಸ್, ಸೇಂಟ್ ಲೂಸಿಯಾ, ಆಂಟಿಗಾ, ಸೇಂಟ್ ಮಾರ್ಟನ್ ಸುತ್ತಿ ವಾಪಸು ಹೊರಟಿದ್ದೆವು. ಮೇಲಿನ ಡೆಕ್ಕಿನ ಬಫೆಯಲ್ಲಿ ಕಿಟಕಿ ಪಕ್ಕದ ಟೇಬಲ್ ಹಿಡಿದು ಕೂತಿದ್ದೆವು. ಆಡಿಟರ್ ಫೋನು ತೆಗೆದ.

"ಮೊದಲನೆಯದು ಟಿಪ್ಸು. ತಲೆಗೆ ದಿನಕ್ಕೆ 18 ಡಾಲರ್. ಇದು ಟಿಕೆಟ್ಟಿನಲ್ಲಿ ಸೇರಿಲ್ಲ."

"ಸೇರಿಲ್ಲ ಅಂತ ಬುಕ್ ಮಾಡುವಾಗಲೇ ಹೇಳಿದ್ದೆನಲ್ಲ ಮಾರಾಯ," ಅಂದಳು ಶೈಲಾ.

"ಹೇಳಿದ್ದೆ. ಆದರೆ ಶೈಲಾ, ನಿನ್ನ ಗಂಡನಿಗೂ ಅಷ್ಟೇ ಹಾಕಿದ್ದಾರೆ. ಆ ಪುಣ್ಯಾತ್ಮ ಹಡಗು ಹತ್ತಿದಾಗಿನಿಂದ ವಾಂತಿ ಮಾತ್ರೆ ನುಂಗಿ ಮಲಗಿದ್ದಾನೆ. ತಿಂದಿದ್ದು ಹಸಿರು ಸೇಬು, ಉಪ್ಪು ಬಿಸ್ಕತ್ತು. ಒಂದೊಂದು ಸೇಬು ಎಷ್ಟಕ್ಕೆ ಬಿತ್ತು ಅಂತ ಹೇಳಲಾ?"

"ಬೇಡ. ಅವರಿಗೆ ಹೇಳಬೇಡ, ಮತ್ತೆ ವಾಂತಿ ಶುರುವಾದೀತು."

ಅದಕ್ಕೇ ಆಡಿಟರನದೊಂದು ಸಿದ್ಧಾಂತವಿತ್ತು, ವಸೂಲಿ ಸಿದ್ಧಾಂತ. ಊಟಕ್ಕೆ ಮೊದಲೇ ದುಡ್ಡು ಕೊಟ್ಟಾಗಿದೆ, ಹಾಗಾಗಿ ಇನ್ನು ತಿನ್ನದ ಪ್ರತಿ ತುತ್ತೂ ನಷ್ಟ. ಈ ಲೆಕ್ಕದ ಪ್ರಕಾರ ಬೆಳಿಗ್ಗೆ ಏಳಕ್ಕೆ ಬಫೆ, ಒಂಬತ್ತೂವರೆಗೆ ಕೆಳಗಿನ ಡೈನಿಂಗ್ ಹಾಲಿನಲ್ಲಿ ಕೂತು ಇನ್ನೊಂದು ತಿಂಡಿ, ಹನ್ನೆರಡಕ್ಕೆ ಮತ್ತೆ ಬಫೆ, ನಡುವೆ ಈಜುಕೊಳದ ಪಕ್ಕ ಐಸ್‌ಕ್ರೀಮು, ರಾತ್ರಿ ಊಟ, ಮಲಗುವ ಮುಂಚೆ ಪಿಜ್ಜಾ. ಇಷ್ಟಕ್ಕೂ ಅವನು ಶುದ್ಧ ಶಾಕಾಹಾರಿ, ಮೊಟ್ಟೆಯೂ ಇಲ್ಲ. ಕಡಲಿನ ನಟ್ಟನಡುವೆ ಬೆಟ್ಟದಷ್ಟು ಸಿಗಡಿ ಪೇರಿಸಿಟ್ಟಿದ್ದರೆ ಅದರ ಬುಡದಲ್ಲಿ ಅಲಂಕಾರಕ್ಕೆ ಹಾಸಿದ ಲೆಟ್ಯೂಸನ್ನು ದುರುಗುಟ್ಟಿ ನೋಡುತ್ತ ನಿಲ್ಲುವ ಪೈಕಿ.

ಅವನನ್ನು ಉಳಿಸಿದ್ದು ಶೈಲಾ. ಡೈನಿಂಗ್ ಹಾಲಿನಲ್ಲಿ ನಮಗೆ ಬಡಿಸುತ್ತಿದ್ದ ಹುಡುಗ ಉಡುಪಿ ಕಡೆಯವನು. ಗೋವಾ, ಮಂಗಳೂರು ಕಡೆಯ ಹುಡುಗರು ಇಂಥ ಹಡಗುಗಳಲ್ಲಿ ತುಂಬ ಮಂದಿ, ಎಂಟೊಂಬತ್ತು ತಿಂಗಳ ಕಾಂಟ್ರಾಕ್ಟು ಮುಗಿಸಿ ಊರಿಗೆ ಹೋಗಿ ಬರುತ್ತಾರೆ. ಶೈಲಾ ಅವನ ಹತ್ತಿರ ತುಳುವಿನಲ್ಲಿ ಎರಡು ಮಾತಾಡಿದ್ದೇ ತಡ, ಮಾರನೆಯ ದಿನದಿಂದ ಬೇಳೆಸಾರು, ಆಲೂಗಡ್ಡೆ ಪಲ್ಯ, ಅನ್ನ. ಹಿಂದಿನ ರಾತ್ರಿ ಹೇಳಿಟ್ಟರೆ ಯಾರಿಗಾದರೂ ಮಾಡಿಕೊಡುತ್ತಾರಂತೆ. ಆಡಿಟರನಿಗೆ ಇದು ಗೊತ್ತಾದಾಗ ಮೂರು ದಿನ ಕಳೆದಿತ್ತು. ಆ ಮೂರು ದಿನದ ಬಾಕಿಯನ್ನು ಆಮೇಲೆ ಸಾರಿನಲ್ಲೇ ತೀರಿಸಿಕೊಂಡ.

"ಕಾಫಿದು ಯಾಕೋ ಬಿಲ್ಲಲ್ಲಿ ಕಾಣ್ತಿಲ್ಲ?" ಸೀನ ಕೆಣಕಿದ.

ಕಾಫಿ ದೊಡ್ಡ ಕಥೆ. ಆಡಿಟರ್ ಮನೆಯಿಂದ ಫಿಲ್ಟರು, ಪುಡಿ, ಜೊತೆಗೆ ನೀರು ಕಾಯಿಸುವ ಕರೆಂಟಿನ ಕೆಟಲ್ಲು ತಂದಿದ್ದ. ಹಡಗಿನಲ್ಲಿ ಬೆಂಕಿಯಷ್ಟು ಭಯ ನೀರಿಗೂ ಇಲ್ಲ. ಕೆಟಲ್ಲು, ಇಸ್ತ್ರಿಪೆಟ್ಟಿಗೆ, ರೈಸ್ ಕುಕ್ಕರ್ ಯಾವುದನ್ನೂ ಒಳಗೆ ಬಿಡುವುದಿಲ್ಲ. ಸ್ಕ್ಯಾನರಿನಲ್ಲಿ ಸಿಕ್ಕಿಬಿತ್ತು, ಚೀಟಿ ಬರೆದುಕೊಟ್ಟು ಎತ್ತಿಟ್ಟುಕೊಂಡರು. ಇವನು ಬಿಡುತ್ತಾನೆಯೇ? ದಿನಾ ಬೆಳಿಗ್ಗೆ ಫಿಲ್ಟರನ್ನು ಟವೆಲಿನಲ್ಲಿ ಸುತ್ತಿಕೊಂಡು ಬಫೆಗೆ ಬಂದು, ಟೀ ನೀರಿನ ನಲ್ಲಿಯ ಕೆಳಗೆ ಹಿಡಿದು ನಿಲ್ಲುತ್ತಿದ್ದ. ಹಿಂದೆ ಸರದಿಯಲ್ಲಿದ್ದ ಅಮೆರಿಕನ್ ಅಜ್ಜಿಯೊಬ್ಬಳು ಅದು ಯಾವುದೋ ವೈದ್ಯಕೀಯ ಉಪಕರಣ ಅಂದುಕೊಂಡು "ಪಾಪ, ದೇವರು ಒಳ್ಳೇದು ಮಾಡಲಿ" ಅಂದಳು.

"ಕಾಯದ ನೀರಲ್ಲಿ ಡಿಕಾಕ್ಷನ್ ಇಳಿಯಲ್ಲ ಕಣಯ್ಯ," ಆಡಿಟರ್ ನೊಂದು ನುಡಿದ. "ಅದಿರಲಿ, ಮುಂದಿನದು ಓದ್ತೀನಿ. ಡ್ರಿಂಕ್ಸ್ ಪ್ಯಾಕೇಜು."

ಎಲ್ಲರೂ ಗೌಡನ ಕಡೆ ನೋಡಿದೆವು. ಗೌಡ ಕಿಟಕಿಯ ಆಚೆ ಸಮುದ್ರ ನೋಡಿದ.

ವಿಷಯ ಏನಪ್ಪಾ ಅಂದರೆ, ದಿನಕ್ಕಿಷ್ಟು ಅಂತ ಕೊಟ್ಟುಬಿಟ್ಟರೆ ಬೇಕಾದ್ದು ಕುಡಿಯಬಹುದು. ಆದರೆ ಒಬ್ಬನು ಪ್ಯಾಕೇಜು ತಗೊಂಡು ಇನ್ನೊಬ್ಬನಿಗೆ ಲೋಟ ದಾಟಿಸಬಾರದು ಅಂತ, ಒಂದೇ ರೂಮಿನಲ್ಲಿರುವ ದೊಡ್ಡವರೆಲ್ಲ ತಗೊಳ್ಳಲೇಬೇಕು ಅನ್ನುವುದು ಬಹುಪಾಲು ಕಂಪನಿಗಳ ನಿಯಮ. ಗೌಡನ ರೂಮಿನಲ್ಲಿದ್ದವನು ಆಡಿಟರ್. ಮಜ್ಜಿಗೆ ಹುಳಿಯಾದರೆ ಅದನ್ನೂ ಮುಟ್ಟದವನು.

"ದಿನಕ್ಕೆ 70 ಡಾಲರ್, ಅದರ ಮೇಲೆ ನೂರಕ್ಕೆ 18 ಸೇವಾ ಶುಲ್ಕ. ಇದನ್ನು ನಾನು ಕಿತ್ತಳೆ ರಸದಲ್ಲಿ ವಸೂಲು ಮಾಡಬೇಕಾಯ್ತು. ನೀವೇ ಯೋಚನೆ ಮಾಡಿ. ದಿನಕ್ಕೆ ಹನ್ನೆರಡು ಲೋಟ ಕಿತ್ತಳೆ ರಸ! ನನ್ನ ಹಲ್ಲು ಜುಮ್ ಅಂತಿದೆ."

"ನಾನೇನ್ ಮಾಡ್ಲಿ ಬುಡ್ಲಾ," ಗೌಡ ಸಮಾಧಾನ ಹೇಳಿದ. "ನಿನ್ ಪಾಲ್ನೂ ನಾನೇ ಕುಡ್ದು ವಸೂಲ್ ಮಾಡ್ಕೊಡ್ತೀನಿ ಅಂದೆ. ಅದಕ್ಕೂ ರೂಲ್ಸು ಒಪ್ಪಾಕಿಲ್ಲ ಅಂತಾರೆ."

ಗೌಡ ಮಂಡ್ಯದವನು. ಬಾರ್ಬಡೋಸಿನಲ್ಲಿ ನಾವೆಲ್ಲ ಬೀಚಿಗೆ ಹೋದರೆ ಅವನು ರಮ್ ಕಾರ್ಖಾನೆ ನೋಡಲು ಹೋಗಿದ್ದ. ಅಲ್ಲಿನ ಮೌಂಟ್ ಗೇ ಕಂಪನಿಯ ಹತ್ತಿರ 1703ರ ಕಾಗದಪತ್ರ ಇದೆ, ಈಗಲೂ ನಡೆಯುತ್ತಿರುವ ರಮ್ ಕಂಪನಿಗಳಲ್ಲಿ ಅದೇ ಹಳೆಯದು ಅಂತ ಅವರ ಹೆಮ್ಮೆ. ವಾಪಸು ಬಂದ ಗೌಡ ರಮ್ಮಿನ ರುಚಿಯ ಸುದ್ದಿಯನ್ನೇ ಎತ್ತಲಿಲ್ಲ. ಅವನಿಗೆ ಕಣ್ಣಲ್ಲಿ ನೀರು ಬಂದದ್ದು ವಾಸನೆಗೆ.

"ಕಾಕಂಬಿ ಕಣ್ಲಾ! ಗಾಡಿ ಇಳೀತಿದ್ದಂಗೇ ಗೊತ್ತಾಗೋಯ್ತು. ನಮ್ಮ ಮೈಶುಗರ್ ಫ್ಯಾಕ್ಟ್ರಿ ಮುಂದೆ ಸ್ಕೂಲಿಗೆ ಓಯ್ತಿದ್ವಲ್ಲ, ಅದೇ ಗಬ್ಬು. ಆ ಗೈಡಮ್ಮ ಸಕ್ಕರೆ ಮಾಡಿ ಉಳಿದ ಕಾಕಂಬೀಲಿ ರಮ್ ಮಾಡೋದು ಅಂತ ನಂಗೇ ಪಾಠ ಹೇಳ್ತಾವ್ಳೆ. 1933ರಿಂದ ಆ ವಾಸ್ನೆ ಕುಡ್ದ ಊರ್ನೋರಮ್ಮ ನಾವು ಅಂದೆ."

"ಅವಳೇನಂದಳು?"

"ಹೆಚ್ಗೆ ಒಂದು ಗ್ಲಾಸ್ ಕೊಟ್ಳು."

ಸೀನ ನಡುವೆ ಬಾಯಿ ಹಾಕಿದ. "ಆ ಕಬ್ಬು ಕಡಿದವರಿಗೆ ಯಾರೂ ಹೆಚ್ಚಿಗೆ ಕೊಡಲಿಲ್ಲ ಗೌಡ. ಆಫ್ರಿಕಾದಿಂದ ಹಿಡಿದು ತಂದ ಜನ. ನಾವು ಚಾಪೆ ಹಾಸಿಕೊಂಡು ಬಿದ್ದಿದ್ದ ದ್ವೀಪಗಳೆಲ್ಲ ಒಂದು ಕಾಲದಲ್ಲಿ ಗುಲಾಮರು ದುಡಿದ ಕಬ್ಬಿನ ತೋಟಗಳೇ." ಗೌಡ ತಲೆಯಾಡಿಸಿದ. ಅವನಪ್ಪನಿಗೂ ಎರಡೆಕರೆ ಕಬ್ಬಿತ್ತು. ಕಬ್ಬಿನ ಗರಿ ಕೈ ಕುಯ್ಯುವುದು ಹೇಗೆ ಅಂತ ಹೇಳಲು ಶುರುಮಾಡಿದವನು ಅರ್ಧಕ್ಕೇ ನಿಲ್ಲಿಸಿ, ಬ್ರಿಟಿಷ್ ನೌಕಾಪಡೆಯ ವಿಷಯಕ್ಕೆ ಹಾರಿದ. ಅವರ ನಾವಿಕರಿಗೆ ದಿನಾ ಒಂದು ಅಳತೆ ರಮ್ಮನ್ನು ಸರ್ಕಾರವೇ ಕೊಡುತ್ತಿತ್ತಂತೆ. 1970ರ ಜುಲೈ 31ಕ್ಕೆ ನಿಲ್ಲಿಸಿದರಂತೆ.

"ಅದಲ್ವಾ ಪ್ಯಾಕೇಜು? ಮೇಲಿಂದ ಸಂಬಳ ಬೇರೆ!"

ಆಡಿಟರ್ ಕೆಮ್ಮಿದ. "ಶೋರ್ ಎಕ್ಸ್‌ಕರ್ಷನ್ನು. ಸೇಂಟ್ ಲೂಸಿಯಾ, ಜ್ವಾಲಾಮುಖಿ, ಕೆಸರು ಸ್ನಾನ."

ಇದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಸೂಫ್ರಿಯೇರ್ ಅನ್ನುವ ಊರಿನ ಹತ್ತಿರ ನೆಲದಿಂದ ಗಂಧಕದ ಹೊಗೆ ಏಳುತ್ತದೆ. ಬೂದು ಬಣ್ಣದ ನೀರು ಕೊತಕೊತ ಕುದಿಯುತ್ತದೆ. ಕೆಳಗೆ ಹದವಾದ ಬಿಸಿನೀರಿನ ಕೊಳದಲ್ಲಿ ಇಳಿದು, ಬಕೆಟ್ಟಿನ ಕೆಸರು ಮೈಗೆ ಮೆತ್ತಿಕೊಂಡು, ಒಣಗುವ ತನಕ ನಿಂತು ಫೋಟೋ ತೆಗೆಸಿಕೊಳ್ಳಬೇಕು. ದೂರದಲ್ಲಿ ಪಿಟಾನ್ ಅನ್ನುವ ಎರಡು ಚೂಪು ಬೆಟ್ಟ ಸಮುದ್ರದಿಂದ ನೇರ ಎದ್ದು ನಿಂತಿವೆ, ಅದೊಂದು ನೋಟಕ್ಕೇ ಹೋಗಬಹುದು. ಗೌಡ ಮಾತ್ರ ಕೆಸರು ಮುಟ್ಟಲಿಲ್ಲ. "ನಮ್ಮಪ್ಪನ ಗದ್ದೇಲಿ ನಾಟಿ ಟೈಮಲ್ಲಿ ಬನ್ನಿ, ಮೈಗೆಲ್ಲ ಮೆತ್ತಿ ಕೂಲೀನೂ ಕೊಡ್ತೀನಿ" ಅಂತ ದಡದಲ್ಲಿ ಕೂತಿದ್ದ. ನಾವು ನಾಲ್ಕು ಜನ ಮೂರು ದಿನ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತಿದ್ದೆವು. ಮೊಟ್ಟೆ ಮುಟ್ಟದ ಆಡಿಟರನೂ ಸೇರಿ.

"ಆ ಪುಟ್ಟ ದೇಶಕ್ಕೆ ಎರಡು ನೊಬೆಲ್ ಬಂದಿದೆ, ಗೊತ್ತುಂಟಾ?" ಶೈಲಾ ಕೇಳಿದಳು. "1979ರಲ್ಲಿ ಅರ್ಥಶಾಸ್ತ್ರಕ್ಕೆ ಆರ್ಥರ್ ಲೂಯಿಸ್, 1992ರಲ್ಲಿ ಸಾಹಿತ್ಯಕ್ಕೆ ಡೆರೆಕ್ ವಾಲ್ಕಾಟ್. ಇಬ್ಬರೂ ಹುಟ್ಟಿದ್ದು ಜನವರಿ 23ಕ್ಕೇ."

"ಏನು ತಿಂತಾರೆ ಅಲ್ಲಿ?" ಆಡಿಟರ್ ತಕ್ಷಣ ಕೇಳಿದ. ಅವನ ಮಗ ಒಂಬತ್ತನೇ ಕ್ಲಾಸು.

"ಬೇಯಿಸಿದ ಬಾಳೆಕಾಯಿ, ಉಪ್ಪು ಮೀನು. ಅದೇ ಅವರ ರಾಷ್ಟ್ರೀಯ ಊಟ."

ಆಡಿಟರ್ ಫೋನಿನಲ್ಲಿ ಏನೋ ಬರೆದುಕೊಂಡ. ಬಾಳೆಕಾಯಿ ಅಂತಲೇ ಇರಬೇಕು.

"ಆಂಟಿಗಾದ್ದು ಓದೋ," ಅಂದ ಸೀನ, ಎದೆ ಸೆಟೆಸಿ.

"ಆಂಟಿಗಾ... ಸೊನ್ನೆ."

ಸೀನನಿಗೆ ಬೇಕಿದ್ದೂ ಅದೇ. ಆ ದ್ವೀಪದಲ್ಲಿ ವರ್ಷದ ದಿನಕ್ಕೊಂದರಂತೆ 365 ಬೀಚುಗಳಿವೆ ಅಂತ ಹೇಳಿಕೊಳ್ಳುತ್ತಾರೆ. ನಾವು ಒಂದನ್ನೂ ನೋಡಲಿಲ್ಲ. ಹಡಗು ಸೇಂಟ್ ಜಾನ್ಸ್ ಪಟ್ಟಣದ ಮಗ್ಗುಲಿಗೇ ನಿಲ್ಲುತ್ತದೆ. ಇಳಿದದ್ದೇ ಸೀನ ನಮ್ಮನ್ನೆಲ್ಲ ಕುರಿಮಂದೆಯ ಹಾಗೆ ನಡೆಸಿಕೊಂಡು ಹೋದದ್ದು ಆಂಟಿಗಾ ರಿಕ್ರಿಯೇಷನ್ ಗ್ರೌಂಡ್ ಅನ್ನುವ ಕ್ರಿಕೆಟ್ ಮೈದಾನಕ್ಕೆ. ಸುಡು ಬಿಸಿಲು. ಎದುರಿಗೆ ಹಳೆಯ ಸ್ಟ್ಯಾಂಡು, ಹುಲ್ಲು, ಅಷ್ಟೇ.

"ಇಲ್ಲೇ! 2002ರ ಮೇ ತಿಂಗಳು! ವೆಸ್ಟ್ ಇಂಡೀಸಿನ ಡಿಲನ್ ಎಸೆದ ಚೆಂಡು ಬಡಿದು ದವಡೆ ಮುರಿದಿತ್ತು. ತಲೆಯಿಂದ ಗಲ್ಲದವರೆಗೆ ಬ್ಯಾಂಡೇಜು ಸುತ್ತಿಕೊಂಡು ನಮ್ಮ ಅನಿಲ್ ಕುಂಬ್ಳೆ 14 ಓವರ್ ಎಸೆದದ್ದು ಇಲ್ಲೇ! ಲಾರಾ ಎಲ್‌ಬಿಡಬ್ಲ್ಯೂ!" ಅಂತ ಸೀನ ಕೂಗಿದ್ದಕ್ಕೆ ಬೇಲಿಯ ಪಕ್ಕ ಮಲಗಿದ್ದ ನಾಯಿ ಎದ್ದು ಹೋಯಿತು.

"ಮ್ಯಾಚ್ ಗೆದ್ವಾ?" ಆಡಿಟರ್ ಬೆವರು ಒರೆಸಿಕೊಳ್ಳುತ್ತ ಕೇಳಿದ್ದ.

"ಡ್ರಾ."

"ಡ್ರಾ ಆದ ಮ್ಯಾಚಿಗೆ ನನ್ನನ್ನು ಈ ಬಿಸಿಲಲ್ಲಿ ನಡೆಸಿದ್ಯಾ?"

"ಲೋ, ಆ ಮ್ಯಾಚಲ್ಲಿ ನಮ್ಮ ಹನ್ನೊಂದೂ ಜನ ಬೌಲಿಂಗ್ ಮಾಡಿದ್ರು. ವಿಕೆಟ್ ಕೀಪರ್ ಸೇರಿ! ಲಾರಾನ 375, 400 ಎರಡೂ ಇದೇ ನೆಲದಲ್ಲಿ. ರಿಚರ್ಡ್ಸ್ 56 ಬಾಲಿಗೆ ನೂರು ಹೊಡೆದಿದ್ದೂ ಇಲ್ಲೇ. ಆಮೇಲೆ ಊರಾಚೆ ದೊಡ್ಡ ಸ್ಟೇಡಿಯಂ ಕಟ್ಟಿದರು. 2009ರಲ್ಲಿ ಅಲ್ಲಿ ಟೆಸ್ಟ್ ಮ್ಯಾಚು ಹತ್ತೇ ಬಾಲಿಗೆ ನಿಂತುಹೋಯ್ತು. ಮರಳಲ್ಲಿ ಬೌಲರುಗಳ ಕಾಲು ಹೂತುಹೋಗ್ತಿತ್ತು. ಮತ್ತೆ ಓಡಿ ಬಂದಿದ್ದು ಇಲ್ಲಿಗೇ!"

ಅಲ್ಲಿಂದ ಹೊರಟಾಗ ಹಸಿವು. ವಸೂಲಿ ಸಿದ್ಧಾಂತದ ಪ್ರಕಾರ ಹಡಗಿಗೆ ಓಡಿ ಹೋಗಿ ಉಣ್ಣಬೇಕಿತ್ತು. ಆದರೆ ಮೂಲೆಯ ಒಂದು ಸಣ್ಣ ಹೋಟೆಲಿನ ಮುಂದೆ ಗೌಡ ನಿಂತುಬಿಟ್ಟ. ಒಳಗೆ ಒಬ್ಬ ದಪ್ಪ ಹೆಂಗಸು ಮುಸುಕಿನ ಜೋಳದ ಹಿಟ್ಟನ್ನು ಬೆಂಡೆಕಾಯಿ ನೀರಿನಲ್ಲಿ ಕೋಲಿನಿಂದ ತಿರುವುತ್ತಿದ್ದಳು. ತೊಳಸಿ ತೊಳಸಿ, ಬೆಣ್ಣೆ ಸವರಿದ ಬಟ್ಟಲಿಗೆ ಹಾಕಿ ಗರಗರ ತಿರುಗಿಸಿ, ಉಂಡೆ ಮಾಡಿ ತಟ್ಟೆಗೆ ಬಿಟ್ಟಳು. ಫಂಜಿ ಅಂತಾರೆ.

"ಮುದ್ದೆ," ಅಂದ ಗೌಡ. ಗಂಟಲು ಕಟ್ಟಿತ್ತು. "ನಮ್ಮವ್ವನಾಣೆ ಮುದ್ದೆ."

ಅವನಿಗೆ ಮಾಂಸ ಸೊಪ್ಪು ಹಾಕಿದ ಪೆಪ್ಪರ್‌ಪಾಟ್ ಬಂತು. ಆಡಿಟರನಿಗೆ ಬದನೆ, ಬೆಂಡೆ, ಪಾಲಕ್ ಒಟ್ಟಿಗೆ ಬೇಯಿಸಿ ಮಸೆದ ಪಲ್ಯ. ಗೌಡ ಕೈಯಲ್ಲೇ ಮುರಿದು, ಅದ್ದಿ, ಅಗಿಯದೆ ನುಂಗಿದ. ಆ ಹೆಂಗಸು ಸೌಟು ಹಿಡಿದೇ ನಿಂತು ನೋಡಿ, "ನೀನು ಯಾವ ದ್ವೀಪದವನಪ್ಪಾ?" ಅಂದಳು. ಗೌಡ ಗಂಭೀರವಾಗಿ "ಮಂಡ್ಯ" ಅಂದ. ಅವಳು ಕೇಳಿದ್ದೇನೆ ಅನ್ನುವ ಹಾಗೆ ತಲೆಯಾಡಿಸಿದಳು. ಕೊನೆಗೆ ಗೆಣಸು, ತೆಂಗಿನಕಾಯಿ ತುರಿದು ಸಕ್ಕರೆ ಸೇರಿಸಿ ಬಾಳೆಲೆಯಲ್ಲಿ ಕಟ್ಟಿ ಬೇಯಿಸಿದ ಡುಕಾನ ಕೊಟ್ಟಳು. ಆಡಿಟರ್ ಮೂರು ತಿಂದ. ಅದೂ ದುಡ್ಡು ಕೊಟ್ಟು!

ಹಾಗಾಗಿ ಹೊತ್ತು ಮೀರಿತು. ಹಡಗಿನವರೇ ಏರ್ಪಡಿಸಿದ ಪ್ರವಾಸ ತಡವಾದರೆ ಹಡಗು ಕಾಯುತ್ತದೆ. ನಮ್ಮಂಥ ಸ್ವಯಂಸೇವಕರಿಗೆ ಕಾಯುವುದಿಲ್ಲ. ಐದು ನಿಮಿಷ ಬಾಕಿ ಇದ್ದಾಗ ನಾವು ಕಟ್ಟೆಯ ಮೇಲೆ ಓಡುತ್ತಿದ್ದೆವು. ಮೇಲೆ ಎಲ್ಲ ಡೆಕ್ಕುಗಳಲ್ಲೂ ಜನ ಲೋಟ ಹಿಡಿದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ತಡವಾಗಿ ಓಡಿ ಬರುವವರನ್ನು ನೋಡುವುದು ಅವರಿಗೆ ಬಿಟ್ಟಿ ಮನರಂಜನೆ. ಆ ಗುಂಪಿನಲ್ಲಿ ಜೋರಾಗಿ ಶಿಳ್ಳೆ ಹೊಡೆದವರು ಶೈಲಾಳ ಗಂಡ. ಹಡಗು ನಿಂತಿದ್ದ ಹೊತ್ತಿನಲ್ಲಿ ಮಾತ್ರ ಅವರಿಗೆ ಜೀವ ಬರುತ್ತಿತ್ತು.

"ಸೇಂಟ್ ಮಾರ್ಟನ್," ಆಡಿಟರ್ ಮುಂದುವರಿಸಿದ.

"ಅದು ಬೇಡ," ಅಂದಳು ಶೈಲಾ.

ಫಿಲಿಪ್ಸ್‌ಬರ್ಗಿನ ಫ್ರಂಟ್ ಸ್ಟ್ರೀಟಿನ ಒಡವೆ ಅಂಗಡಿಗಳಲ್ಲಿ ಬಹಳಷ್ಟು ಸಿಂಧಿಗಳವು. "ಆಯಿಯೇ ಬೆಹೆನ್‌ಜಿ" ಅಂತ ಕರೆದರೆ ಯಾರು ತಾನೇ ಒಳಗೆ ಹೋಗುವುದಿಲ್ಲ? ಅರ್ಧ ಗಂಟೆ ಚೌಕಾಸಿ ಮಾಡಿ, ಎರಡು ಸಲ ಎದ್ದು ಹೊರಟು, ಎರಡು ಸಲ ವಾಪಸು ಕರೆಸಿಕೊಂಡು ಶೈಲಾ ತಂದ ಓಲೆಯ ಬೆಲೆ ಇವತ್ತಿಗೂ ಅವಳ ಗಂಡನಿಗೆ ಗೊತ್ತಿಲ್ಲ. ಪ್ರಪಂಚದ ಯಾವ ಮೂಲೆಗೆ ಹೋದರೂ ಹೀಗೇ.

ಆಡಿಟರ್ ಒಟ್ಟು ಓದಿದ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಸೀನ, "ಮುಂದಿನ ಸಲ ಜಮೈಕಾ ಕಡೆ ಹೋಗೋಣ. ಸಬೀನಾ ಪಾರ್ಕು, 2006, ದ್ರಾವಿಡ್ 81 ಮತ್ತು 68..." ಅಂತ ಶುರುಮಾಡಿದ.

"ಬರ್ತೀನಿ," ಅಂದ ಆಡಿಟರ್. "ಆದರೆ ಗೌಡನ ಜೊತೆ ರೂಮು ಸಾಧ್ಯವಿಲ್ಲ. ನನಗೆ ಬೇರೆ ರೂಮು."

"ಒಬ್ಬನೇ ಇದ್ರೆ ಇಬ್ಬರ ಟಿಕೆಟ್ ದುಡ್ಡೂ ನೀನೇ ಕೊಡಬೇಕಾಗ್ತದೆ, ಹೆಚ್ಚುಕಡಿಮೆ," ಅಂದಳು ಶೈಲಾ.

ಆಡಿಟರ್ ಟಿಶ್ಯೂ ಕಾಗದ ಎಳೆದುಕೊಂಡ. ಒಂದು ಕಡೆ ರೂಮಿನ ಲೆಕ್ಕ, ಇನ್ನೊಂದು ಕಡೆ ಪ್ಯಾಕೇಜಿನದು. ಕೂಡಿದ, ಕಳೆದ, ನೂರಕ್ಕೆ 18 ಸೇರಿಸಿದ, ಇನ್ನೊಂದು ಟಿಶ್ಯೂ ತಗೊಂಡು ಮತ್ತೆ ಮಾಡಿದ. ಆಮೇಲೆ ಕುರ್ಚಿಯನ್ನು ಗೌಡನ ಹತ್ತಿರ ಸರಿಸಿ, ದನಿ ತಗ್ಗಿಸಿ ಕೇಳಿದ:

"ಗೌಡ, ಈ ರಮ್ಮು... ಸಿಹಿ ಇರುತ್ತಾ?"