ಲೀಟರಿಗೂ ಕಿಲೋಗೂ ನಡುವೆ ಉಳಿದ ಕಾಸ್ಟಿಕ್ ಸೋಡಾ

ಪ್ರಶ್ನೆ (ತಿಪಟೂರಿನಿಂದ): ನಮಸ್ಕಾರ ಸರ್. ನಮ್ಮ ತೋಟದ ಕೊಬ್ಬರಿಯನ್ನು ಗಾಣಕ್ಕೆ ಹಾಕಿಸಿ ತಂದ ಎಣ್ಣೆಯಲ್ಲಿ ಮೊದಲ ಬಾರಿಗೆ ಸೋಪು ಮಾಡಿದೆ. ಒಂದು ಕಿಲೋ ಎಣ್ಣೆಗೆ 183 ಗ್ರಾಂ ಕಾಸ್ಟಿಕ್ ಸೋಡಾ ಬೇಕೆಂದು ಓದಿದ್ದರಿಂದ ಸೋಡಾವನ್ನು ತೂಗಿ, ಎಣ್ಣೆಯನ್ನು ಲೀಟರ್ ಅಳತೆಯಲ್ಲಿ ಹಾಕಿದೆ. ನಾಲ್ಕು ವಾರ ಒಣಗಿಸಿದರೂ ಮೇಲೆ ಬಿಳಿ ಪುಡಿ ಕಾಣುತ್ತದೆ, ಕತ್ತರಿಸಿದರೆ ಉದುರುತ್ತದೆ, ಕೈ ತೊಳೆದರೆ ಉರಿಯುತ್ತದೆ. ಇನ್ನಷ್ಟು ದಿನ ಬಿಟ್ಟರೆ ಸರಿಹೋಗುವುದೇ?

ಉತ್ತರ: ಮೇಡಂ, ಕಾಯುವುದರಿಂದ ಇದು ಸ್ನಾನದ ಸೋಪಾಗುವುದಿಲ್ಲ. ಒಂದು ಲೀಟರ್ ಕೊಬ್ಬರಿ ಎಣ್ಣೆ ಸುಮಾರು 920 ಗ್ರಾಂ ಮಾತ್ರ ತೂಗುತ್ತದೆ, ಅಷ್ಟು ಎಣ್ಣೆ ಪೂರ್ತಿ ಸೋಪಾಗಲು 168 ಗ್ರಾಂ ಸೋಡಾ ಸಾಕು; ಮಿಕ್ಕ 15 ಗ್ರಾಂ ಜೊತೆಗೂಡಲು ಎಣ್ಣೆ ಸಿಗದೆ ಸೋಪಿನೊಳಗೇ ಉಳಿದು ಈಗ ನಿಮ್ಮ ಕೈ ಸುಡುತ್ತಿದೆ. ತೆಳುವಾದ ಬಿಳಿ ಪುಡಿ ಒಳ್ಳೆಯ ಸೋಪಿನ ಮೇಲೂ ಬರುವುದುಂಟು, ಆದರೆ ಉದುರುವುದು ಮತ್ತು ಉರಿಯುವುದು ಎರಡೂ ಸೇರಿದರೆ ಸೋಡಾ ಹೆಚ್ಚಾಗಿದೆ ಎಂದೇ ತಿಳಿಯಬೇಕು. ಓದಿದಂತೆ ಕಿಲೋ ತೂಗಿ ಹಾಕಿದ್ದರೂ ನಾನು ಒಪ್ಪುತ್ತಿರಲಿಲ್ಲ, ಏಕೆಂದರೆ 183 ಗ್ರಾಂ ಎಂಬುದು ಒಂದು ತೊಟ್ಟು ಎಣ್ಣೆಯನ್ನೂ ಉಳಿಸದ ಲೆಕ್ಕ.

ಎಸೆಯುವ ಅಗತ್ಯವಿಲ್ಲ. ಕೈಗವಸು ಹಾಕಿಕೊಂಡು ಸೋಪನ್ನು ತುರಿದು, ಸ್ವಲ್ಪ ನೀರು ಚಿಮುಕಿಸಿ, ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಕರಗಿಸುತ್ತಾ ಇನ್ನೂ 190 ಗ್ರಾಂ ಕೊಬ್ಬರಿ ಎಣ್ಣೆಯನ್ನು ತೂಗಿ ಬೆರೆಸಿರಿ. ಆಗ ಶೇಕಡಾ 10ರಷ್ಟು ಎಣ್ಣೆ ಸೋಪಾಗದೆ ಉಳಿದು ಚರ್ಮಕ್ಕೆ ಮೃದುವಾಗುತ್ತದೆ. ನೋಡಲು ಅಂದವಾಗಿರುವುದಿಲ್ಲ, ಉಪಯೋಗಕ್ಕೇನೂ ಕೊರತೆಯಿಲ್ಲ.

ಮುಂದಿನ ಸಲ ಬರೀ ಕೊಬ್ಬರಿ ಎಣ್ಣೆ ಬೇಡ, ಅದರ ಸೋಪು ಕೊಳೆಯ ಜೊತೆಗೆ ಚರ್ಮದ ಜಿಡ್ಡನ್ನೂ ತೆಗೆದುಬಿಡುತ್ತದೆ. ಕೊಬ್ಬರಿ ಎಣ್ಣೆ 600 ಗ್ರಾಂ, ಕಡಲೆಕಾಯಿ ಎಣ್ಣೆ 300 ಗ್ರಾಂ, ಹರಳೆಣ್ಣೆ 100 ಗ್ರಾಂ, ಇದಕ್ಕೆ 155 ಗ್ರಾಂ ಸೋಡಾ ಮತ್ತು 310 ಗ್ರಾಂ ನೀರು ಸಾಕು. ಪ್ರತಿಯೊಂದು ಎಣ್ಣೆ ಕೇಳುವ ಸೋಡಾ ಬೇರೆಯಾದ್ದರಿಂದ ಒಂದರ ಬದಲು ಇನ್ನೊಂದನ್ನು ಹಾಕಿದರೆ ಲೆಕ್ಕವನ್ನು ಹೊಸದಾಗಿ ಮಾಡಲೇಬೇಕು. ಸೋಡಾವನ್ನೇ ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಸೋಡಾದ ಮೇಲೆ ನೀರು ಸುರಿದರೆ ಅದು ಕುದಿದು ಮುಖಕ್ಕೆ ಸಿಡಿಯಬಹುದು, ಆದ್ದರಿಂದ ಕನ್ನಡಕವೂ ಇರಲಿ.

ಪ್ರಶ್ನೆ (ಕೋಲಾರದಿಂದ): ಸರ್, ನಮ್ಮ ಬೋರ್‌ವೆಲ್ ನೀರು ಬಹಳ ಗಡಸು. ಆ ನೀರನ್ನೇ ಬಳಸಬಹುದೇ? ಪಾತ್ರೆಗಳ ಪೈಕಿ ನಮ್ಮಲ್ಲಿರುವ ದೊಡ್ಡದು ಸಿಲ್ವರ್ ಪಾತ್ರೆ.

ಉತ್ತರ: ಸಿಲ್ವರ್ ಎಂದು ನಾವು ಕರೆಯುವುದು ಅಲ್ಯೂಮಿನಿಯಂ. ಅದನ್ನು ಕಾಸ್ಟಿಕ್ ಸೋಡಾ ತಿನ್ನುತ್ತದೆ, ಹಾಗೆ ತಿನ್ನುವಾಗ ಬೆಂಕಿ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲವೂ ಹೊರಬರುವುದರಿಂದ ಆ ಪಾತ್ರೆ ಖಂಡಿತ ಬೇಡ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಂದಿಗೆ ಸೇರಿ ಕರಗದ ಜಿಡ್ಡಾಗುತ್ತವೆ. ನಿಮ್ಮ ಬಚ್ಚಲಿನ ಬಕೆಟ್ಟಿಗೆ ಅಂಟುವ ಬಿಳಿ ಪದರವೇ ಅದು. ಸೋಪು ಮಾಡಲು ಶೋಧಿಸಿದ ಮಳೆನೀರನ್ನೋ ಡಿಸ್ಟಿಲ್ಡ್ ವಾಟರನ್ನೋ ಬಳಸಿರಿ. ಸ್ನಾನಕ್ಕೆ ಬೋರ್‌ವೆಲ್ ನೀರೇ ಗತಿಯೆಂದಾದರೆ ಮೇಲಿನ ಅಳತೆಯಲ್ಲಿ ಕೊಬ್ಬರಿ ಎಣ್ಣೆಯ ಪಾಲನ್ನು ಇಳಿಸಬೇಡಿ, ಗಡಸು ನೀರಿನಲ್ಲೂ ಒಂದಿಷ್ಟು ನೊರೆ ಬರುವುದು ಅದರಿಂದಲೇ.