ಬಿಸಿಯಾದರೆ ನಿಂತುಬಿಡುವ ಸ್ಕೂಟರ್: ಪೆಟ್ರೋಲ್ ಸಾಲದೋ, ಕಿಡಿ ಸಾಲದೋ?

ಪ್ರಶ್ನೆ: ಕಾರ್ಬೊರೇಟರ್ ಇರುವ ನನ್ನ ಹಳೆಯ 110 ಸಿಸಿ ಸ್ಕೂಟರ್ ಬೆಳಿಗ್ಗೆ ಒಂದೇ ಕಿಕ್ಕಿಗೆ ಚಾಲೂ ಆಗುತ್ತದೆ, ಆದರೆ ಏಳೆಂಟು ಕಿಲೋಮೀಟರ್ ಓಡಿದ ಮೇಲೆ ಮುಗ್ಗರಿಸಿ ನಿಲ್ಲುತ್ತದೆ, ಅರ್ಧ ಗಂಟೆ ತಣಿಯುವವರೆಗೆ ಸೆಲ್ಫ್‌ಗೂ ಕಿಕ್ಕರ್‌ಗೂ ಜಗ್ಗುವುದಿಲ್ಲ. ಎಂಜಿನ್ನಿನೊಳಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಹೊಸದು. ನಿನ್ನೆ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಮೇಲ್ಸೇತುವೆಯ ನಡುವೆಯೇ ನಿಂತಿತು. ದಯವಿಟ್ಟು ದಾರಿ ತೋರಿಸಿ.

ಉತ್ತರ 1: ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆರೆಯಿರಿ. ಉಸ್ಸೆಂದು ಗಾಳಿ ಒಳಗೆಳೆದುಕೊಂಡು ಗಾಡಿ ಸ್ವಲ್ಪ ಹೊತ್ತಿನಲ್ಲಿ ಚಾಲೂ ಆದರೆ, ಮುಚ್ಚಳದ ಗಾಳಿರಂಧ್ರ ಕಟ್ಟಿಕೊಂಡು ಪೆಟ್ರೋಲ್ ಇಳಿಯದಾಗಿದೆ ಎಂದರ್ಥ. ಕಾರ್ಬೊರೇಟರ್ ಬಿಚ್ಚಿಸಿ ದುಡ್ಡು ಸುರಿಯುವ ಮೊದಲು ಇದನ್ನು ನೋಡಲೇಬೇಕು.

ಉತ್ತರ 2: ಮೇಲಿನವರ ಮಾತು ಸರಿ. ಅದಲ್ಲದಿದ್ದರೆ, ಗಾಡಿ ನಿಂತ ಸ್ಥಿತಿಯಲ್ಲೇ ಪ್ಲಗ್ ಬಿಚ್ಚಿಸಿ ನೋಡಿ. ತುದಿ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ; ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಕಿಡಿಯ ಮೇಲೆ ಅನುಮಾನ. ಪ್ಲಗ್‌ಗೆ ಕಿಡಿಗೆ ಬೇಕಾದ ವಿದ್ಯುತ್ ಒದಗಿಸುವ ಇಗ್ನಿಷನ್ ಕಾಯಿಲ್‌ನೊಳಗಿನ ತಂತಿಯ ನಿರೋಧಕ ಹೊದಿಕೆ ಹಳತಾದಾಗ, ತಣ್ಣಗಿರುವಾಗ ಸರಿಯಾಗಿದ್ದರೂ ಕಾದ ಮೇಲೆ ಕಿಡಿ ಕೈಕೊಡುತ್ತದೆ. ಆದ್ದರಿಂದ ತಣಿದ ಗಾಡಿಯನ್ನು ಗ್ಯಾರೇಜಿನಲ್ಲಿ ಪರೀಕ್ಷಿಸಿದರೆ ದೋಷ ಕಾಣುವುದೇ ಇಲ್ಲ.

ಪ್ರಶ್ನೆ ಕೇಳಿದವರು: ಮುಚ್ಚಳ ತೆರೆದರೂ ಪ್ರಯೋಜನವಾಗಲಿಲ್ಲ. ಪ್ಲಗ್ ಒದ್ದೆಯಾಗಿತ್ತು; ಮೆಕ್ಯಾನಿಕ್ ನೋಡಿದಾಗ ಕಿಡಿ ಮಂಕಾಗಿ, ಕೆಂಪಾಗಿ ಕಂಡಿತು. ಕಾಯಿಲ್ ಬದಲಿಸಿದ ಮೇಲೆ ಇಂದು 20 ಕಿಲೋಮೀಟರ್ ಎಲ್ಲಿಯೂ ನಿಲ್ಲದೆ ಓಡಿದೆ. ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು.